ಕೀಲಿನವಳು, ರಕ್ತದವನು

ಪ್ರೀತಿಯ ಮಗಳೇ,

ನನ್ನ ಮೊಣಕಾಲಿಗೆ ಆರ್ಥ್ರೈಟಿಸ್ ಎಂದಿದ್ದ ವರದಿಯನ್ನು ಫೋನಿನಲ್ಲಿ ಓದಿಸಿಕೊಂಡು ನೀನು ಒಂದೇ ಉಸಿರಿಗೆ ಹೇಳಿದೆ: “ಆರ್ಥ್ರಾನ್ ಎಂದರೆ ಕೀಲು, ಐಟಿಸ್ ಎಂದರೆ ಉರಿಯೂತ. ಅಷ್ಟೇ ಅಮ್ಮಾ.” ನಿನ್ನ ವೈದ್ಯಕೀಯ ಪರೀಕ್ಷೆಗೆ ಆ ಉತ್ತರ ಸಾಕು. ಇಷ್ಟು ವರ್ಷ ಕಲ್ಲುಗಳ ಪಾಠ ಹೇಳಿದ ನನಗೆ ಮಾತ್ರ ಸಾಲಲಿಲ್ಲ.

ಗ್ರೀಕರ ‘ಇಟಿಸ್’ನಲ್ಲಿ ಉರಿಯೂ ಇರಲಿಲ್ಲ, ಊತವೂ ಇರಲಿಲ್ಲ. ‘ಅದಕ್ಕೆ ಸೇರಿದ’ ಎಂಬಷ್ಟೇ ಅದರ ಅರ್ಥ. ಅವರು ‘ಆರ್ಥ್ರಿಟಿಸ್ ನೋಸೋಸ್’ ಎನ್ನುತ್ತಿದ್ದರು, ಅಂದರೆ ಕೀಲಿನ ರೋಗ. ಬಳಸಿ ಬಳಸಿ ‘ರೋಗ’ ಎಂಬ ನಾಮಪದ ಉದುರಿತು, ವಿಶೇಷಣ ಒಂದೇ ಉಳಿಯಿತು. ನೋಸೋಸ್ ಗ್ರೀಕಿನಲ್ಲಿ ಸ್ತ್ರೀಲಿಂಗ, ಹಾಗಾಗಿ ವಿಶೇಷಣವೂ ಸ್ತ್ರೀಲಿಂಗ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆರ್ಥ್ರೈಟಿಸ್ ಎಂದರೆ ‘ಕೀಲಿನವಳು’. ನನ್ನ ಮೊಣಕಾಲಿನಲ್ಲಿ ಬಿಡಾರ ಹೂಡಿರುವವಳು ಅವಳೇ.

ಅವಳಿಗೊಬ್ಬ ಅಣ್ಣನಿದ್ದಾನೆ. ಅದೇ ಪ್ರತ್ಯಯದ ಪುಲ್ಲಿಂಗ ರೂಪ ‘ಇಟೀಸ್’. ಗ್ರೀಕಿನಲ್ಲಿ ಕಲ್ಲು, ಅಂದರೆ ಲಿಥೋಸ್, ಪುಲ್ಲಿಂಗ. ‘ಹೈಮಟಿಟೀಸ್ ಲಿಥೋಸ್’ ಎಂದರೆ ರಕ್ತದ ಕಲ್ಲು. ಇಲ್ಲಿಯೂ ನಾಮಪದ ಉದುರಿ ‘ರಕ್ತದವನು’ ಉಳಿದ. ಅವನೇ ಹೆಮಟೈಟ್. ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವ ಆ ಕಪ್ಪು ಕಲ್ಲನ್ನು ಕಂಡು, ಇದರಲ್ಲಿ ರಕ್ತ ಎಲ್ಲಿದೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆಯಲ್ಲ? ಹೊಳಪು ಕೊಡದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದಾಗ ಕೆಂಪು ಗೆರೆ ಮೂಡಿತ್ತು. ಹೆಸರು ಹುಟ್ಟಿದ್ದು ಆ ಕೆಂಪಿನಿಂದ. ಮುಂದೆ ಖನಿಜಗಳಿಗೆ ಹೆಸರಿಡುವವರಲ್ಲಿ ಹೆಚ್ಚಿನವರು ಈ ಬಾಲವನ್ನೇ ಹಿಡಿದರು. 1789ರಲ್ಲಿ ಜರ್ಮನಿಯ ಖನಿಜತಜ್ಞ ವರ್ನರ್, ‘ಬರೆ’ ಎಂಬರ್ಥದ ಗ್ರೀಕ್ ಧಾತುವಿನಿಂದ ಗ್ರಾಫೈಟ್ ಎಂದು ಹೆಸರಿಟ್ಟ. ನಿನ್ನ ಪೆನ್ಸಿಲ್ಲಿನೊಳಗೆ ಇರುವವನು ‘ಬರೆಯುವವನು’.

ಹಾಗಾದರೆ ಉರಿಯೂತ ಎಲ್ಲಿಂದ ಬಂತು? ಸಹವಾಸದಿಂದ. ಆರ್ಥ್ರಿಟಿಸ್, ಮೂತ್ರಪಿಂಡದ ನೆಫ್ರಿಟಿಸ್, ಪಕ್ಕೆಯ ಪ್ಲೂರಿಟಿಸ್ ಎಂದು ಹಳಬರು ಕರೆದ ಕಾಯಿಲೆಗಳಲ್ಲಿ ಉರಿ, ಊತ, ನೋವು ಮೇಲಿಂದ ಮೇಲೆ ಕಾಣಿಸಿದವು. ಕೊನೆಗೆ ವೈದ್ಯರು ಆ ಅರ್ಥವನ್ನು ಬಾಲಕ್ಕೇ ಕಟ್ಟಿಬಿಟ್ಟರು. 1808ರಲ್ಲಿ ಇಂಗ್ಲಿಷ್ ವೈದ್ಯ ಚಾರ್ಲ್ಸ್ ಬ್ಯಾಡಮ್ ಶ್ವಾಸನಾಳದ ಉರಿಯೂತವನ್ನು ಬ್ರಾಂಕೈಟಿಸ್ ಎಂದು ಬರೆಯುವ ಹೊತ್ತಿಗೆ ಅದು ಬೇಕಾದ ಅಂಗಕ್ಕೆ ಅಂಟಿಸಬಹುದಾದ ಚೀಟಿಯಾಗಿತ್ತು. 1886ರಲ್ಲಿ ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್ ಲ್ಯಾಟಿನ್ನಿನ ‘ಅಪೆಂಡಿಕ್ಸ್’ಗೆ ಗ್ರೀಕ್ ಬಾಲ ಕಟ್ಟಿ ಅಪೆಂಡಿಸೈಟಿಸ್ ಎಂದ. ಇಂಥ ಬೆರಕೆಯನ್ನು ಕಂಡರೆ ಪಂಡಿತರು ಮೂಗು ಮುರಿಯುತ್ತಾರೆ. ನನಗಂತೂ ಇಷ್ಟ, ಅರಿಸಮಾಸವಿಲ್ಲದೆ ಯಾವ ಭಾಷೆ ತಾನೇ ಬದುಕಿದೆ?

ಒಂದು ಎಚ್ಚರಿಕೆ. ಸಲ್ಫೈಟ್, ನೈಟ್ರೈಟ್‌ಗಳನ್ನು ಹೆಮಟೈಟಿನ ತಮ್ಮಂದಿರೆಂದು ತಿಳಿಯಬೇಡ. 1787ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರು ಸಲ್ಫೇಟ್, ನೈಟ್ರೇಟ್‌ಗಳ ‘ಏಟ್’ ಎಂಬ ಬಾಲದ ಸ್ವರವನ್ನು ಬದಲಿಸಿ, ಆಮ್ಲಜನಕ ಕಡಿಮೆ ಇರುವ ಲವಣಗಳಿಗಾಗಿ ಈ ‘ಐಟ್’ ಅನ್ನು ಮಾಡಿಕೊಂಡರು. ರೂಪ ಒಂದೇ, ವಂಶ ಬೇರೆ.

ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಮಾತ್ರ ಕೀಲಿನವಳು ಇನ್ನೂ ಗೊಣಗುತ್ತಾಳೆ.

ನಿನ್ನ
ಅಮ್ಮ