ಸ್ಟೆಬಿಲೈಸರ್ ಬುಷ್‌ನ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಕಾರಿನ ನಿರ್ವಹಣೆ ಕುರಿತು ಪತ್ರಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಎಂಜಿನ್ ಆಯಿಲ್, ಬ್ರೇಕ್ ಮತ್ತು ಟೈರುಗಳನ್ನು ದಾಟಿ ಮುಂದೆ ಹೋಗುವುದಿಲ್ಲ. ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳನ್ನು ಸುತ್ತುವರಿದು ಹಿಡಿದಿಡುವ ಎರಡು ರಬ್ಬರ್ ತುಂಡುಗಳು, ಅಂದರೆ ಬುಷ್‌ಗಳು, ಸವೆದಾಗ ಬರುವ ಸದ್ದನ್ನು ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಣೆಯ) ದೋಷವೆಂದು ಭಾವಿಸಿ, ಇನ್ನೂ ಬಾಳಿಕೆ ಬರಬಹುದಾದ ದುಬಾರಿ ಭಾಗಗಳನ್ನು ಬದಲಿಸಿಬಿಡುವುದು ಖೇದಕರ.

ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ಈ ಉಕ್ಕಿನ ಸರಳು, ತಿರುವಿನಲ್ಲಿ ತಾನು ತಿರುಚಿಕೊಂಡು ಕಾರು ಅತಿಯಾಗಿ ವಾಲದಂತೆ ತಡೆಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಏರಿಳಿದರೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಆದ್ದರಿಂದ ರಸ್ತೆಯುಬ್ಬನ್ನು ನೇರವಾಗಿ ಹತ್ತಿಳಿಯುವಾಗ ಸುಮ್ಮನಿದ್ದ ಕಾರು, ನಿಧಾನವಾಗಿ ಹೋಗುವಾಗ ಒಂದೇ ಚಕ್ರ ಗುಂಡಿಗಿಳಿದರೆ ‘ಟಕ್’ ಎಂದು ಸದ್ದು ಮಾಡಿದಲ್ಲಿ, ಮೊದಲು ಪರೀಕ್ಷಿಸಬೇಕಾದದ್ದು ಈ ಬುಷ್‌ಗಳನ್ನು ಮತ್ತು ಸರಳಿನ ತುದಿಗಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್ ರಾಡ್‌ಗಳನ್ನು. ಕಳಚಿದ ಹಳೆಯ ಬುಷ್ ಅನ್ನು ಬೆಳಕಿಗೆ ಹಿಡಿದು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ: ದುಂಡಗಿರಬೇಕಾದ ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ, ಸರಳಿಗೆ ತೊಡಿಸಲೆಂದು ಬುಷ್‌ನಲ್ಲಿರುವ ಸೀಳಿನ ಅಂಚು ಬಿರುಕುಬಿಟ್ಟಿರುತ್ತದೆ, ಸರಳಿನ ಮೇಲೂ ಅದು ಕುಳಿತಿದ್ದ ಜಾಗ ಮಾತ್ರ ಉಜ್ಜಿ ಹೊಳೆಯುತ್ತಿರುತ್ತದೆ.

ಬದಲಿಸುವ ಕೆಲಸ ಹಲವು ಕಾರುಗಳಲ್ಲಿ ಪ್ರತಿ ಬದಿಗೆ ಒಂದು ಬ್ರಾಕೆಟ್, ಎರಡು ಬೋಲ್ಟ್‌ಗಳಷ್ಟೇ. ಆದರೆ ಅವಸರ ಸಲ್ಲದು. ಒಂದೇ ಮಾದರಿಯ ಕಾರಿನಲ್ಲೂ ಸರಳಿನ ದಪ್ಪ ಬೇರೆ ಬೇರೆ ಇರಬಹುದಾದ್ದರಿಂದ ಅದನ್ನು ಅಳೆದೇ ಬುಷ್ ಕೊಳ್ಳಬೇಕು, 1 ಮಿ.ಮೀ. ಸಡಿಲವಿದ್ದರೂ ಸದ್ದು ಮರಳಿ ಬರುತ್ತದೆ. ಕಾರನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕಾರಿನಡಿ ನುಸುಳುವುದು ಪ್ರಾಣಕ್ಕೇ ಅಪಾಯ. ಮುಂದಿನ ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಒಂದನ್ನೇ ಎತ್ತಿದರೆ ಸರಳು ತಿರುಚಿಕೊಂಡು, ಬೋಲ್ಟ್ ಸಡಿಲವಾದೊಡನೆ ಬ್ರಾಕೆಟ್ ಸಿಡಿಯಬಹುದು.

ಸರಳಿನ ಮೇಲಿನ ತುಕ್ಕು, ಮಣ್ಣನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಹೊಸ ಬುಷ್ ಕೂಡ ಬೇಗ ಸವೆಯುತ್ತದೆ. ಜಾರಲೆಂದು ಸಾಮಾನ್ಯ ಗ್ರೀಸ್ ಹಚ್ಚುವ ಅಭ್ಯಾಸವನ್ನಂತೂ ಬಿಡಲೇಬೇಕು, ಏಕೆಂದರೆ ಪೆಟ್ರೋಲಿಯಂ ಮೂಲದ ಗ್ರೀಸ್‌ನಿಂದ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸರಳಿನ ಮೇಲೆ ಕೂರಿಸಲು ಸ್ವಲ್ಪ ಸೋಪಿನ ನೀರು ಸಾಕು. ಪಾಲಿಯುರೆಥೇನ್ ಬುಷ್‌ಗಳಿಗೆ ಅವುಗಳ ತಯಾರಕರು ಸೂಚಿಸುವ ಗ್ರೀಸ್ ಬೇಕಾಗುತ್ತದೆ. ಸೀಳು ಯಾವ ದಿಕ್ಕಿಗಿರಬೇಕು, ಬೋಲ್ಟ್‌ಗಳನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಆಯಾ ಕಾರಿನ ಸರ್ವಿಸ್ ಕೈಪಿಡಿ ನೋಡಿಯೇ ನಿರ್ಧರಿಸಬೇಕು. ಒಂದು ಬದಿ ಸವೆದಿದ್ದರೂ ಎರಡನ್ನೂ ಬದಲಿಸುವುದು ಒಳ್ಳೆಯದು.

ಕೆಲವು ಕಾರುಗಳಲ್ಲಿ ಈ ಬ್ರಾಕೆಟ್‌ಗಳು ಸಬ್‌ಫ್ರೇಮ್‌ನ (ಸಸ್ಪೆನ್ಷನ್ ಭಾಗಗಳನ್ನು ಹೊರುವ ಕೆಳಚೌಕಟ್ಟಿನ) ಮೇಲ್ಗಡೆ ಇರುವುದರಿಂದ ಅದನ್ನೇ ಕೆಳಗಿಳಿಸದೆ ಕೈ ತಲುಪುವುದಿಲ್ಲ. ಎಂಜಿನ್‌ಗೆ ಆಸರೆ ಕೊಡುವುದು, ಸ್ಟೀರಿಂಗ್ ಜೋಡಣೆ ಬಿಚ್ಚುವುದು, ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಪರೀಕ್ಷಿಸುವುದು ಇವೆಲ್ಲ ಅಲ್ಲಿ ಬರುವುದರಿಂದ ಅಂಥ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗಳಿಗೇ ವಹಿಸಬೇಕು.

ಗ್ಯಾರೇಜಿನವರಲ್ಲಿ ನನ್ನ ವಿನಂತಿಯಿಷ್ಟೆ: ಸ್ಟ್ರಟ್ ಬದಲಿಸಬೇಕೆಂದು ಹೇಳುವ ಮುನ್ನ ಸ್ಟೆಬಿಲೈಸರ್ ಬಾರ್ ಅನ್ನು ಕೈಯಿಂದ ಅಲುಗಾಡಿಸಿ ನೋಡಿ, ಬುಷ್‌ನಲ್ಲಿ ಸಡಿಲವಿದೆಯೇ ಎಂಬುದನ್ನು ಗ್ರಾಹಕರಿಗೂ ತೋರಿಸಿ.

– ಒಬ್ಬ ಕಾರು ಮಾಲೀಕ