ಸೂತ್ರಕ್ಕೂ ಮೊದಲು ಎಣಿಕೆ ಕಲಿಸೋಣ

ಮಾನ್ಯರೇ,

ಪ್ರಥಮ ಪಿಯುಸಿ ಗಣಿತದಲ್ಲಿ ‘ಕ್ರಮಯೋಜನೆ ಮತ್ತು ವಿಕಲ್ಪ’ದ, ಅಂದರೆ ಸರದಿ ಲೆಕ್ಕಕ್ಕೆ ಬರುವ ಜೋಡಣೆ (ಪರ್ಮ್ಯುಟೇಷನ್, ‘ಪಿ’) ಮತ್ತು ಸರದಿ ಲೆಕ್ಕಕ್ಕೆ ಬಾರದ ಆಯ್ಕೆಯ (ಕಾಂಬಿನೇಷನ್, ‘ಸಿ’) ಪಾಠ ಬಂತೆಂದರೆ ನಮ್ಮ ಮಕ್ಕಳಿಗೆ ದಿಗಿಲು. ಲೆಕ್ಕ ಓದಿ ಮುಗಿಸುವ ಮೊದಲೇ ‘ಮೇಡಂ, ಇದಕ್ಕೆ ಪಿ ಹಾಕ್ಬೇಕಾ, ಸಿ ಹಾಕ್ಬೇಕಾ?’ ಅಂತ ಕೇಳುತ್ತಾರೆ. ಅವರನ್ನು ದೂರುವಂತಿಲ್ಲ. ಮೂರು ಫ್ಯಾಕ್ಟೋರಿಯಲ್ (ಒಂದು ಸಂಖ್ಯೆಯಿಂದ 1ರವರೆಗೆ ಇಳಿಯುತ್ತಾ ಮಾಡುವ ಗುಣಾಕಾರ) ಇರುವ ಸೂತ್ರವೇ ಮೊದಲು ಎದುರಾದರೆ ಯಾಕೆ ಭಾಗಿಸುತ್ತಿದ್ದೇವೆ ಅನ್ನುವುದು ಹೊಳೆಯುವುದಾದರೂ ಹೇಗೆ?

ನಾನು ಕಬಡ್ಡಿಯಿಂದ ಶುರು ಮಾಡುತ್ತೇನೆ. ತಂಡದಲ್ಲಿ 12 ಜನ, ಅಂಕಣದಲ್ಲಿ 7. ಹೊರಗೆ ಕೂರುವ ಐವರನ್ನು ಎಷ್ಟು ರೀತಿ ಆರಿಸಬಹುದು? ಒಬ್ಬೊಬ್ಬರ ಹೆಸರು ಕೂಗುತ್ತಾ ಹೋದರೆ ಮೊದಲ ಹೆಸರಿಗೆ 12 ಆಯ್ಕೆ, ಆಮೇಲೆ 11, 10, 9, 8. ಗುಣಿಸಿದರೆ 95,040. ಇದು ಜಾಸ್ತಿ ಆಯ್ತು, ಅಲ್ವಾ? ಯಾವ ಸರದಿಯಲ್ಲಿ ಕೂಗಿದರೂ ಹೊರಗೆ ಕೂತವರು ಅದೇ ಐವರು. ಐದು ಹೆಸರು ಕೂಗುವ ಸರದಿಗಳು 5×4×3×2×1, ಅಂದರೆ 120. ಒಂದೇ ಗುಂಪನ್ನು 120 ಸಲ ಎಣಿಸಿಬಿಟ್ಟಿದ್ದೇವೆ. ಅದಕ್ಕೇ ಭಾಗಿಸಬೇಕು. ಉತ್ತರ 792. ಆಡುವ ಏಳು ಜನರನ್ನು ಆರಿಸುವುದೂ 792 ರೀತಿಯಲ್ಲೇ ಎಂದು ಮಕ್ಕಳೇ ಹೇಳುತ್ತಾರೆ. ಐವರು ಹೊರಗೆ ಕೂತರೆ ಒಳಗೆ ಯಾರು ಅನ್ನುವುದೂ ತೀರ್ಮಾನವಾದಂತೆ. ಆ ಕ್ಷಣ ನನಗೆ ತುಂಬಾ ಇಷ್ಟ.

ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ ಗ್ರಂಥದಲ್ಲಿ ಕೊಟ್ಟ ನಿಯಮವೂ ಇದೇ. ಒಂದು ಸಾಲಿನಲ್ಲಿ ಏರುವ ಸಂಖ್ಯೆಗಳು (ನಮ್ಮ ಕಬಡ್ಡಿ ಲೆಕ್ಕದಲ್ಲಾದರೆ 1, 2, 3…), ಇನ್ನೊಂದರಲ್ಲಿ ಇಳಿಯುವ ಸಂಖ್ಯೆಗಳು (12, 11, 10…). ಬೇಕಾದಷ್ಟನ್ನು ಗುಣಿಸಿ, ಇಳಿಯುವ ಸಾಲಿನ ಗುಣಲಬ್ಧವನ್ನು ಏರುವ ಸಾಲಿನದರಿಂದ ಭಾಗಿಸಬೇಕು. ಫ್ಯಾಕ್ಟೋರಿಯಲ್ ಗೊಡವೆಯೇ ಇಲ್ಲ. ವಜ್ರ, ನೀಲ, ಪಚ್ಚೆ, ಹವಳ, ಮುತ್ತುಗಳಿಂದ ಎಷ್ಟು ಬಗೆಯ ಸರ ಆಗುತ್ತದೆ ಎಂದೂ ಅವರು ಕೇಳುತ್ತಾರೆ. ಒಂದೊಂದೇ ರತ್ನದ್ದು 5, ಎರಡೆರಡರದ್ದು 10, ಮೂರರದ್ದು 10, ನಾಲ್ಕರದ್ದು 5, ಎಲ್ಲ ಸೇರಿದ್ದು 1. ಒಟ್ಟು 31.

ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕಲಬುರಗಿ ಬಸ್ಸಿನಲ್ಲಿ ದಿನಾ ಆ ಊರು ದಾಟಿ ಬರುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಪಠ್ಯದಲ್ಲಿ ಮಹಾವೀರಾಚಾರ್ಯರ ಹೆಸರು ಅಧ್ಯಾಯದ ಕೊನೆಯ ಚಾರಿತ್ರಿಕ ಟಿಪ್ಪಣಿಯಲ್ಲಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಮಕ್ಕಳು ಆ ಪುಟ ತೆರೆಯುವುದೇ ಇಲ್ಲ.

ಶಿಕ್ಷಣ ಇಲಾಖೆಗೆ ನನ್ನ ವಿನಂತಿ: ಕನ್ನಡದ ಪೂರಕ ಪಾಠದಲ್ಲಾದರೂ ಈ ಎರಡು ಸಾಲಿನ ವಿಧಾನ ಸೂತ್ರಕ್ಕಿಂತ ಮೊದಲು ಬರಲಿ. ವಾರ್ಷಿಕ ಪರೀಕ್ಷೆಯಲ್ಲಿ ಸುಮ್ನೆ ಉತ್ತರ ಕಂಡುಹಿಡಿಯಲು ಹೇಳುವ ಜೊತೆಗೆ, ‘ಇಲ್ಲಿ 120ರಿಂದ ಯಾಕೆ ಭಾಗಿಸಿದಿರಿ?’ ಎಂಬ ಎರಡು ಅಂಕದ ಪ್ರಶ್ನೆಯನ್ನೂ ಕೇಳಲಿ.

– ಗಣಿತ ಉಪನ್ಯಾಸಕಿ, ಸೇಡಂ