ಬ್ಯಾಗು ಸುರಿದ ಅಪ್ಪನಿಂದ ಮಗಳಿಗೊಂದು ಪತ್ರ

ಮಗಳೇ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ಊಟವನ್ನೂ ಮಾಡದೆ ಕುಂಬಳೆ ಬಸ್ಸು ಹತ್ತಿದೆಯಲ್ಲ, ಅವತ್ತಿನಿಂದ ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ.

ಮತ್ತೆ ಚಟದ ಮಾತ್ರೆ ಶುರು ಮಾಡಿದ್ದೀಯೋ ಅಂತ ಅನುಮಾನಪಟ್ಟು ನಿನ್ನ ಬ್ಯಾಗನ್ನು ಜಗಲಿಯಲ್ಲಿ, ಅದೂ ಚಿಕ್ಕಮ್ಮನ ಎದುರು, ಸುರಿಯಬಾರದಿತ್ತು. ಬಿದ್ದದ್ದು ಏನು? ಬಿಸಿನೀರಿನ ಚೀಲ, ಮುಲಾಮಿನ ಟ್ಯೂಬು, ಎರಡು ಮಾತ್ರೆ ಖಾಲಿಯಾದ ಪ್ಯಾರಾಸಿಟಮಾಲ್ ಸ್ಟ್ರಿಪ್. ಅಷ್ಟೇ. ನೀನು ಸೊಂಟ ಹಿಡಿದುಕೊಂಡು ಬಗ್ಗಿ ಒಂದೊಂದಾಗಿ ಹೆಕ್ಕಿದೆ. ನಾನು ಸುಮ್ನೆ ನಿಂತಿದ್ದೆ. ಟ್ಯೂಬು ಉರುಳಿ ಅಂಗಳಕ್ಕೆ ಬಿತ್ತು, ಅದು ನಿನಗೆ ಸಿಗಲಿಲ್ಲ. ತೋಟದಲ್ಲಿ ಅಡಿಕೆ ಹೆಕ್ಕುವಾಗಲೂ ನನಗೆ ಈಗ ನಿನ್ನ ಆ ಬಗ್ಗಿದ ಬೆನ್ನೇ ಕಾಣುತ್ತದೆ.

ಸ್ಟ್ರಿಪ್ ಕಂಡರೆ ನನಗೆ ಹೆದರಿಕೆ, ಏನು ಮಾಡಲಿ. ಉಪ್ಪಳದಲ್ಲಿ ನಿನಗೆ ಆಕ್ಸಿಡೆಂಟ್ ಆದಾಗ ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯ ಚೀಟಿ ಹಿಡಿದು ಓಡಿದ್ದು ನಾನೇ ಅಲ್ವಾ. ಅದು ಅಫೀಮಿನ ಜಾತಿಯದ್ದು, 2018ರಿಂದ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾನೂನಿನಡಿ ಇದೆ ಅಂತ ಆಗ ಗೊತ್ತಿರಲಿಲ್ಲ. ಆಮೇಲಿನದ್ದು ಬೇಡ.

ಮಾತ್ರೆ ಬಿಟ್ಟು ಏಳು ತಿಂಗಳಾಯಿತು, ಇನ್ನೂ ಎಂಥ ನೋವು, ಎಲ್ಲ ನೆಪ ಅಂದುಬಿಟ್ಟೆ. ಮೊನ್ನೆ ಒಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. ಆ ಜಾತಿಯ ಮಾತ್ರೆ ತುಂಬ ದಿನ ತಿಂದರೆ ಕೆಲವರಿಗೆ ನರಗಳೇ ಸೂಕ್ಷ್ಮವಾಗಿ ಸಣ್ಣ ನೋವೂ ದೊಡ್ಡದಾಗುತ್ತದಂತೆ. ಲಾರಿಯ ಹಾರ್ನ್ ಕೇಳಿದರೆ ನೀನು ಬೆಚ್ಚುತ್ತೀಯಲ್ಲ, ಆಗ ಬೆನ್ನೆಲ್ಲ ಬಿಗಿಯುತ್ತದೆ, ಬಿಗಿದರೆ ನೋವು, ನೋವು ಬಂದರೆ ಮತ್ತೆ ಆ ರಸ್ತೆಯ ನೆನಪು, ರಾತ್ರಿ ನಿದ್ದೆ ಇಲ್ಲ, ನಿದ್ದೆಗೆಟ್ಟಾಗಲೇ ಮಾತ್ರೆಯ ಆಸೆ ಜಾಸ್ತಿ. ನೋವು, ಹೆದರಿಕೆ, ಚಟ ಮೂರಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕಂತೆ. ನಾನು ಒಂದನ್ನೇ ಕಾವಲು ಕಾಯುತ್ತಿದ್ದೆ.

ಫಿಸಿಯೋಥೆರಪಿ ತಪ್ಪಿಸಬೇಡ. ಕೌನ್ಸೆಲಿಂಗಿಗೂ ಹೋಗು. ಹಲ್ಲುನೋವಿಗೆ ಹೋದರೂ ಮೊದಲು ಹಳೆಯ ಮಾತ್ರೆಯ ವಿಷಯ ಹೇಳು, ನಾಚಿಕೆ ಬೇಡ. ನೋವು ಜಾಸ್ತಿಯಾದರೆ ಹಲ್ಲು ಕಚ್ಚಿ ಕೂರಬೇಡ, ಯಾರಿಗಾದರೂ ಹೇಳು. ನನಗೆ ಹೇಳಲು ಇನ್ನು ಮನಸ್ಸು ಬರುತ್ತದೋ ಇಲ್ಲವೋ, ಅಮ್ಮನಿಗಾದರೂ ಹೇಳು. ರಾತ್ರಿ ಎರಡು ಗಂಟೆಯಾದರೂ ಸರಿ.

ನೋವು ಇಟ್ಟುಕೊಂಡೇ ಏಳು ತಿಂಗಳು ತಡೆದಿದ್ದಾಳೆ ನನ್ನ ಮಗಳು ಅಂತ ನಿನ್ನೆ ಚಿಕ್ಕಮ್ಮನ ಮನೆಗೆ ಹೋಗಿ ಹೇಳಿ ಬಂದೆ.

ಟ್ಯೂಬು ತುಳಸಿಕಟ್ಟೆಯ ಹಿಂದೆ ಸಿಕ್ಕಿತು. ಗುರುವಾರ ಮಂಗಳೂರಿಗೆ ತರುತ್ತೇನೆ. ನನ್ನನ್ನು ನೋಡಲು ಮನಸ್ಸಿಲ್ಲದಿದ್ದರೆ ಹಾಸ್ಟೆಲ್ ವಾಚ್‌ಮ್ಯಾನ್ ಕೈಯಲ್ಲಿ ಕೊಟ್ಟು ಬರುತ್ತೇನೆ.

ಅಪ್ಪ
ಬದಿಯಡ್ಕ